ಗುರುವಾರ ರಾತ್ರಿಯ ಮೆಸೇಜು

ಮೈಸೂರು
ಮಾರ್ಚ್ 10

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿಮ್ಮಮ್ಮ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ಸಾಗರ ಊರಿನ ಮನೆಯಲ್ಲೇ ಕೂತು ನೆದರ್ಲೆಂಡ್ಸ್‌ನ ಯುಟ್ರೆಕ್ಟ್ ನಗರದವರ ಜೊತೆ ಕೆಲಸ ಮಾಡುವ ನಿನ್ನ ಪತ್ರದ ಒಂದು ಸಾಲು ಎರಡು ದಿನದಿಂದ ನನ್ನನ್ನು ಕಾಡುತ್ತಿದೆ. “ಗುರುವಾರ ರಾತ್ರಿ ಎಂಟೂವರೆಗೆ ನಮ್ಮ ಟೀಮ್ ಲೀಡ್‌ಗೆ ಕಳಿಸಿದ ಮೆಸೇಜಿಗೆ ಸೋಮವಾರದವರೆಗೂ ಉತ್ತರವಿಲ್ಲ, ಅವರಿಗೆ ನಾನು ಬೇಡವಾಗಿದ್ದೀನಿ ಅನ್ನಿಸುತ್ತೆ” ಅಂತ ಬರೆದಿದ್ದೀಯ. ಆನ್‌ಲೈನ್ ಇದ್ದೀಯ ಅಂತ ತೋರಿಸುವ ಹಸಿರು ಚುಕ್ಕೆ ಆರಿಹೋಗದಿರಲಿ ಅಂತ ಊಟದ ಮಧ್ಯೆ ಎದ್ದು, ಎಂಜಲು ಕೈಯನ್ನು ಹಿಂದಕ್ಕಿಟ್ಟುಕೊಂಡು ಎಡಗೈಯಲ್ಲಿ ಮೌಸ್ ಅಲ್ಲಾಡಿಸಿ ಬರುತ್ತೀಯಂತೆ. ಕರುಳು ಚುರುಕ್ ಅಂತು ಕಣಮ್ಮ.

ಆ ಗುರುವಾರವನ್ನೇ ಮೊದಲು ಬಿಡಿಸಿ ನೋಡೋಣ. ನಿನಗೆ ಎಂಟೂವರೆ ಅಂದರೆ ಯುಟ್ರೆಕ್ಟ್‌ನಲ್ಲಿ ಈಗ ಸಂಜೆ 4 ಗಂಟೆ. ಕೆಲಸ ಮುಗಿಸಿ ಸೈಕಲ್ ಹತ್ತುವ ಹೊತ್ತು ಹತ್ತಿರವಾಗಿರುತ್ತೆ. ನೆದರ್ಲೆಂಡ್ಸ್‌ನಲ್ಲಿ ಅರೆಕಾಲಿಕ ಕೆಲಸ ಯುರೋಪಿನ ಬೇರೆ ದೇಶಗಳಿಗಿಂತ ಬಹಳ ಹೆಚ್ಚು. ವಾರಕ್ಕೆ ನಾಲ್ಕೇ ದಿನ ಕೆಲಸ ಮಾಡುವವರು ಎಷ್ಟೋ ಜನ, ಚಿಕ್ಕ ಮಕ್ಕಳಿರುವವರು ಬುಧವಾರವನ್ನೋ ಶುಕ್ರವಾರವನ್ನೋ ಬಿಟ್ಟಿರುತ್ತಾರೆ. ನಿನ್ನ ಲೀಡ್‌ಗೆ ಶುಕ್ರವಾರ ಕೆಲಸ ಇದೆಯಾ? ನಿನಗೆ ಗೊತ್ತಿಲ್ಲ ಅಂತ ನನ್ನ ಊಹೆ. ಗೊತ್ತಿದ್ದರೆ ಆ ಸಾಲು ಬರೆಯುತ್ತಿರಲಿಲ್ಲ. ಶುಕ್ರವಾರ ರಜೆ ಅಂತಿಟ್ಟುಕೋ, ಆಮೇಲೆ ಶನಿವಾರ, ಭಾನುವಾರ. ನೀನು ನಾಲ್ಕು ರಾತ್ರಿ ನಿದ್ದೆಗೆಟ್ಟೆ, ಅಲ್ಲಿ ಅಷ್ಟರಲ್ಲಿ ಕಳೆದ ಕೆಲಸದ ಹೊತ್ತು ಒಂದೆರಡು ಗಂಟೆ ಅಷ್ಟೇ.

ಮೌನ ಬಹಳ ಕೆಟ್ಟದ್ದು ಪುಟ್ಟಿ, ಏಕೆಂದರೆ ಅದರಲ್ಲಿ ಏನನ್ನು ಬೇಕಾದರೂ ಓದಿಕೊಳ್ಳಬಹುದು. ಕ್ಯಾಥರೀನ್ ಕ್ರ್ಯಾಮ್ಟನ್ ಅನ್ನುವ ಸಂಶೋಧಕಿ ದೂರದೂರದಲ್ಲಿ ಕೂತು ಕೆಲಸ ಮಾಡಿದ 13 ವಿದ್ಯಾರ್ಥಿ ತಂಡಗಳ ಪತ್ರವ್ಯವಹಾರ ಓದಿ 2001ರಲ್ಲಿ ಒಂದು ಲೇಖನ ಬರೆದರು. ಅದರಲ್ಲಿ ಮೌನಕ್ಕೆ ಸಿಕ್ಕ ಅರ್ಥಗಳ ಪಟ್ಟಿಯೇ ಇದೆ: ಒಪ್ಪಿದೆ, ಒಪ್ಪಲಿಲ್ಲ, ಊರಲ್ಲಿಲ್ಲ, ಕೆಲಸ ಜಾಸ್ತಿ, ನಿನ್ನ ಪ್ರಶ್ನೆ ಕಣ್ಣಿಗೇ ಬೀಳಲಿಲ್ಲ, ನೀನು ಉತ್ತರ ಕಾಯುತ್ತಿದ್ದೀಯ ಅಂತ ತಿಳಿಯಲಿಲ್ಲ. “ನೀನು ಬೇಡ” ಅನ್ನುವುದು ಆ ಪಟ್ಟಿಯಲ್ಲಿಲ್ಲ. ಅವರು ಕಂಡುಕೊಂಡ ಇನ್ನೊಂದು ಮಾತು ನನಗೆ ಹೆಚ್ಚು ಮುಖ್ಯ. ದೂರದಲ್ಲಿರುವವರ ಪರಿಸ್ಥಿತಿ ಕಾಣದೇ ಇದ್ದಾಗ, ಆದ ತಪ್ಪನ್ನೆಲ್ಲ ಜನ ಆ ಮನುಷ್ಯನ ಗುಣಕ್ಕೇ ಹಚ್ಚುತ್ತಾರೆ. ಆಫೀಸಿನಲ್ಲಿ ಕರೆಂಟ್ ಹೋದರೆ ಎಲ್ಲರಿಗೂ ಕತ್ತಲೆ. ನಿಮ್ಮ ಸಾಗರದಲ್ಲಿ ಕರೆಂಟ್ ಹೋದರೆ ಯುಟ್ರೆಕ್ಟ್‌ನವರಿಗೆ ಕಾಣುವುದು ಒಂದೇ: ಮಾತಿನ ಮಧ್ಯೆ ಹೇಳದೆ ಕೇಳದೆ ಮಾಯವಾದ ಹುಡುಗಿ.

ಆದ್ದರಿಂದ ಮಳೆ ಹಿಡಿಯುವ ಮೊದಲೇ ಅವರಿಗೆ ಹೇಳಿಡು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟ್ ಹೋಗುತ್ತೆ, ಮೀಟಿಂಗ್ ನಡುವೆ ನನ್ನ ಕಾಲ್ ಕಡಿದರೆ ಐದು ನಿಮಿಷದಲ್ಲಿ ಮೊಬೈಲಿನಿಂದ ಸೇರುತ್ತೇನೆ ಅಂತ. ಜೊತೆಗೆ ರೂಟರಿಗೆ ಒಂದು ಪುಟ್ಟ ಯುಪಿಎಸ್ ತಂದುಕೋ. ಅಡಾಪ್ಟರಿನ ಮೇಲೆ 12 ವೋಲ್ಟ್ ಅಂತಿದೆಯಾ, ಎಷ್ಟು ಆಂಪಿಯರ್ ಅಂತ ಓದಿಕೊಂಡು ಹೋಗು. ಆಂಪಿಯರ್ ಕಡಿಮೆಯದು ತಂದರೆ ರೂಟರ್ ಆರಿ ಆರಿ ಹತ್ತುತ್ತೆ. ಫೈಬರ್ ಮೋಡೆಮ್ ಬೇರೆ ಡಬ್ಬಿಯಾಗಿದ್ದರೆ ಅದಕ್ಕೂ ಯುಪಿಎಸ್ ಬೇಕು. ರೂಟರ್ ಒಂದಕ್ಕೇ ಹಾಕಿ, ನೆಟ್ ಯಾಕೆ ಬರುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವವರು ಬಹಳ.

ಮತ್ತೆ ಆ ಗುರುವಾರಕ್ಕೇ ಬರುತ್ತೇನೆ. ನೀನು ಕಳಿಸಿದ್ದು “ಇದನ್ನು ಒಮ್ಮೆ ನೋಡ್ತೀರಾ?” ಅಂತ ತಾನೆ? ಯಾವಾಗ ಬೇಕು, ಏಕೆ ಬೇಕು, ನೋಡದಿದ್ದರೆ ಏನಾಗುತ್ತೆ, ಒಂದೂ ಅದರಲ್ಲಿಲ್ಲ. ಹೀಗೆ ಬರೆದು ನೋಡು: “ವರದಿಯ ಎರಡನೇ ಭಾಗಕ್ಕೆ ಎರಡು ದಾರಿ ಇವೆ, ನನಗೆ ಮೊದಲನೆಯದು ಸರಿ ಕಾಣುತ್ತೆ. ಮಂಗಳವಾರ ನಿಮ್ಮ ಮಧ್ಯಾಹ್ನ 2 ಗಂಟೆಯೊಳಗೆ ಬೇಡ ಅನ್ನದಿದ್ದರೆ ಅದರಲ್ಲೇ ಮುಂದುವರಿಯುತ್ತೇನೆ.” ಆಗ ಮೌನಕ್ಕೂ ಮೊದಲೇ ಒಂದು ಅರ್ಥ ಕೊಟ್ಟ ಹಾಗಾಯಿತು, ನೀನು ಊಹಿಸುತ್ತಾ ಕೂರಬೇಕಾಗಿಲ್ಲ. ಆದರೆ ಡೇಟಾ ಅಳಿಸುವುದು, ಗ್ರಾಹಕರಿಗೆ ಹೋಗುವ ಬದಲಾವಣೆ, ಇಂಥ ಹಿಂತಿರುಗಿಸಲಾಗದ ಕೆಲಸಕ್ಕೆ ಈ ದಾರಿ ಬೇಡವೇ ಬೇಡ. ಅಲ್ಲಿ ಬಾಯಿಬಿಟ್ಟು ಹೇಳಿದ “ಹೂಂ” ಸಿಗುವವರೆಗೆ ಕಾಯಬೇಕು. ಬರಿ “ಹಾಯ್” ಹಾಕಿ ಕಾಯುವುದನ್ನೂ ಬಿಡು. ಅವರು ನೋಡುವಷ್ಟರಲ್ಲಿ ನೀನು ಮಲಗಿರುತ್ತೀಯ, ಒಂದು ದಿನ ಹಾಳು.

ಇದನ್ನೆಲ್ಲ ಹೇಳುವ ಯೋಗ್ಯತೆ ನನಗೆಷ್ಟಿದೆ ಅಂತ ಒಂದೊಂದು ಸಲ ಅನ್ನಿಸುತ್ತೆ. ಟೆಸ್ಟಿಂಗ್ ತಂಡಕ್ಕೆ ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ “ಕ್ಲೈಂಟ್ ಮುಂದೆ ಇಲ್ಲ ಅನ್ನಬೇಡಿ” ಅಂತ ಕಲಿಸಿದವಳು ನಾನೇ. ನಮ್ಮ “ಆಗುತ್ತೆ” ಅಂದರೆ ನೀವು ಹೇಳಿದ್ದು ಕೇಳಿಸಿತು, ನೋಡೋಣ ಅಂತ. ಅವರ ಕಿವಿಗೆ ಅದು ಕೊಟ್ಟ ಮಾತು. ಶುಕ್ರವಾರ ಬಂತು, ಕೆಲಸ ಆಗಿಲ್ಲ, ಮಾತು ಮುರಿದವರು ನಾವು. ಬೈದರೆ ಮಕ್ಕಳನ್ನೇ ಬೈದೆ. ಆ ಮುಖಗಳು ಈಗಲೂ ಕಣ್ಣ ಮುಂದೆ ಬರುತ್ತವೆ.

ನೀನು ಹಾಗೆ ಮಾಡಬೇಡ. ಡಚ್ಚರು ನೇರ ಮಾತಿನವರು. ಅವರ ಒಂದು ಪದದ “ಇಲ್ಲ” ಕೋಪವಲ್ಲ, ನಿನ್ನ “ಇಲ್ಲ” ಕೂಡ ಅವರಿಗೆ ಅವಮಾನವಲ್ಲ. ಕೆಲಸ ತಡವಾಗುತ್ತೆ ಅಂತ ನಿನಗೆ ಗೊತ್ತಾದ ದಿನವೇ ಹೇಳು, ಕೊಡಬೇಕಾದ ದಿನ ಅಲ್ಲ. ಎಷ್ಟು ಮುಗಿದಿದೆ, ಎಲ್ಲಿ ನಿಂತಿದೆ, ಹೊಸ ತಾರೀಕು ಯಾವುದು, ಇಷ್ಟು ಸಾಕು. ಕ್ಷಮಾಪಣೆ ಒಂದು ಸಾಲು ಮೀರದಿರಲಿ.

ಮರೆತಿದ್ದೆ, ಮಾರ್ಚ್ ಕೊನೆಯ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ನಾಲ್ಕೂವರೆ ಗಂಟೆಯ ಅಂತರ ಮೂರೂವರೆಗೆ ಇಳಿಯುತ್ತೆ. ಅವರ 10 ಗಂಟೆಯ ಮೀಟಿಂಗ್ ನಿನಗೆ 2:30ಕ್ಕೆ ಇದ್ದದ್ದು 1:30ಕ್ಕೆ ಬರುತ್ತೆ. ಅಕ್ಟೋಬರ್ ಕೊನೆಯ ಭಾನುವಾರ ಮತ್ತೆ ಮೊದಲಿನಂತೆ. ಮಾರ್ಚ್‌ನ ಆ ಭಾನುವಾರದ ಮರುದಿನ ಮೀಟಿಂಗ್‌ಗೆ ಒಂದು ಗಂಟೆ ತಡವಾಗಿ ಹೋಗಿ, ಅದನ್ನೂ ಹಚ್ಚಿಕೊಂಡು ಕೊರಗಬೇಡ.

ಹಸಿರು ಚುಕ್ಕೆಯ ವಿಷಯ ಹೇಗೆ ಹೇಳಲಿ? ಮೌಸ್ ಅಲ್ಲಾಡಿಸಿ ಯಾರ ನಂಬಿಕೆಯನ್ನೂ ಗಳಿಸಲಾಗದು, ನಿನ್ನ ಊಟ ಮಾತ್ರ ಕೆಡುತ್ತೆ. ಕ್ಯಾಲೆಂಡರಿನಲ್ಲಿ 1ರಿಂದ 1:45 ಊಟ ಅಂತ ಎಲ್ಲರಿಗೂ ಕಾಣುವಂತೆ ಹಾಕಿಬಿಡು. ಅಂತರ ಇಳಿದ ಮೇಲೆ 12:30ಕ್ಕೆ ಮಾಡಿಕೋ. ಹದಿನೈದು ದಿನಕ್ಕೊಮ್ಮೆ ಲೀಡ್ ಜೊತೆ 25 ನಿಮಿಷ ಕೇಳಿಕೋ, ಮೊದಲ ಐದು ನಿಮಿಷ ಕೆಲಸದ ಮಾತು ಬೇಡ. ಕ್ಯಾಮೆರಾ ನಿನ್ನಿಷ್ಟ, ಆದರೆ ಮೈಕ್ ಚೆನ್ನಾಗಿರಲಿ. ನಾನು ಕೆಲಸ ಬಿಟ್ಟು ವರ್ಷಗಳಾದವು, ಇದರಲ್ಲಿ ಹಳತಾದದ್ದಿದ್ದರೆ ಬಿಟ್ಟುಬಿಡು.

ಶುಕ್ರವಾರ ಅವರಿಗೆ ಕೆಲಸ ಇದೆಯಾ ಅಂತ ಮಾತ್ರ ನಾಳೆಯೇ ಕೇಳು. ಏನು ಹೇಳಿದರು ಅಂತ ನನಗೆ ಒಂದು ಸಾಲು ಹಾಕು, ಅಲ್ಲಿಯವರೆಗೆ ನನಗೂ ಸಮಾಧಾನವಿಲ್ಲ.

ನಿನ್ನ ದೊಡ್ಡಮ್ಮ