ಈ ವಾರದ ಚಿತ್ರ: ಬ್ಯಾಕಸ್‌ನ ಮೆರವಣಿಗೆ

ಎಲ್ಲರಿಗೂ ನಮಸ್ಕಾರ. ಈ ವಾರ ಮಿಕೇಲಿನಾ ವೌಟಿಯರ್ ಬರೆದ ಚಿತ್ರ ನೋಡೋಣ. ಈಕೆ 17ನೇ ಶತಮಾನದಲ್ಲಿ ಬ್ರಸೆಲ್ಸ್‌ನಲ್ಲಿದ್ದ ಕಲಾವಿದೆ. ಚಿತ್ರ ಈಗ ವಿಯೆನ್ನಾದ ಕುನ್ಸ್ಟ್‌ಹಿಸ್ಟೋರಿಶಸ್ ಮ್ಯೂಸಿಯಂನಲ್ಲಿದೆ. ಅಗಲ ಸುಮಾರು ಮೂರೂವರೆ ಮೀಟರ್, ಫೋನಿನಲ್ಲಿ ನೋಡಿ ಅಳತೆ ಊಹಿಸಬೇಡಿ!

ದ್ರಾಕ್ಷಾರಸದ ದೇವರು ಬ್ಯಾಕಸ್ ಕುಡಿದು ಗಾಡಿಯ ಮೇಲೆ ಬಿದ್ದುಕೊಂಡಿದ್ದಾನೆ. ಒಬ್ಬ ಅವನ ಬಾಯಿಗೆ ದ್ರಾಕ್ಷಿ ಹಿಂಡುತ್ತಿದ್ದಾನೆ. ಸುತ್ತ ಗದ್ದಲವೋ ಗದ್ದಲ. ಆಗ ಬೆತ್ತಲೆ ಗಂಡಸರನ್ನು ಎದುರಿಗೆ ನಿಲ್ಲಿಸಿಕೊಂಡು ಚಿತ್ರ ಬರೆಯಲು ಹೆಂಗಸರಿಗೆ ಸಾಮಾನ್ಯವಾಗಿ ಅವಕಾಶವೇ ಇರಲಿಲ್ಲ. ಆದರೂ ಬ್ಯಾಕಸ್‌ನ ಜೋಲು ಹೊಟ್ಟೆ ನೋಡಿ, ಎಷ್ಟು ನಿಜ ಅನಿಸುತ್ತೆ ಅಲ್ವಾ?

ಈಗ ಬಲಗಡೆ ಜೂಮ್ ಮಾಡಿ. ಗುಲಾಬಿ ಬಟ್ಟೆಯ ಹೆಂಗಸು ನೇರವಾಗಿ ನಮ್ಮನ್ನೇ ನೋಡುತ್ತಿದ್ದಾಳೆ. ಅದು ಕಲಾವಿದೆಯೇ ಎಂದು ಹೇಳುತ್ತಾರೆ. ನನಗಂತೂ ಇಡೀ ಚಿತ್ರದಲ್ಲಿ ಅವಳೊಬ್ಬಳೇ ಎಚ್ಚರವಾಗಿರುವಂತೆ ಕಾಣುತ್ತಾಳೆ.

ಆಸ್ಟ್ರಿಯಾದ ರಾಜಮನೆತನದ ಆರ್ಚ್‌ಡ್ಯೂಕ್ ಲಿಯೋಪೋಲ್ಡ್ ವಿಲ್‌ಹೆಲ್ಮ್‌ನ ಚಿತ್ರಸಂಗ್ರಹದ 1659ರ ಪಟ್ಟಿಯಲ್ಲಿ ಇದು ಈಕೆಯ ಹೆಸರಿನಲ್ಲೇ ಇತ್ತು. ಆಮೇಲೆ ಗಂಡು ಕಲಾವಿದರ ಹೆಸರಿಗೆ ಹೋಯಿತು. ಈಕೆಯ ಮೇಲೇ ಮೊದಲ ದೊಡ್ಡ ಪ್ರದರ್ಶನ ನಡೆದದ್ದು 2018ರಲ್ಲಿ, ಆಂಟ್‌ವರ್ಪ್‌ನಲ್ಲಿ.

ಅನಿಸಿದ್ದನ್ನು ಭಾನುವಾರದೊಳಗೆ ಬರೆಯಿರಿ. ಸುಮ್ನೆ ಹೆಬ್ಬೆರಳು ಒತ್ತಿ ಬಿಡಬೇಡಿ. ಗುಡ್ ಮಾರ್ನಿಂಗ್ ಫೋಟೋಗಳೂ ಬೇಡ, ದಯವಿಟ್ಟು.