ಮಂಗಳೂರಿಗೆ ಹೋದಾಗ ನೋಡುವ ಅಂತ ಇರಬೇಡ ಮಾರಾಯ

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಮೊನ್ನೆ ರಾತ್ರಿ ಕೇಳಿದೆ. ಆರು ನಿಮಿಷ ಮಾತಾಡಿದ್ದೀಯ. ಐದು ನಿಮಿಷ ಬರೀ ದುಬೈಗೆ ಕೆಲಸಕ್ಕೆ ಬರುವ ಟಿಕೆಟ್, ಸಂಬಳ, ರೂಮು. ಕೊನೆಗೆ ಮೆಲ್ಲ ಕೇಳಿದ್ದೀಯ, "ಅಲ್ಲಿ ಶುಗರ್ ಟೆಸ್ಟೆಲ್ಲ ಹೇಗೆ ಮಾರಾಯ, ನಂಬಬಹುದಾ?" ಹಿಂದಿನಿಂದ ಮಳೆಯ ಸದ್ದು ಕೇಳುತ್ತಿತ್ತು. ಇಲ್ಲಿ ದುಬೈಯಲ್ಲಿ ರಾತ್ರಿ ಹತ್ತಕ್ಕೂ 36 ಡಿಗ್ರಿ. ಅದಕ್ಕೋ ಏನೋ, ಆ ಮೆಸೇಜನ್ನು ಎರಡು ಸಲ ಹಾಕಿ ಕೇಳಿದೆ.

ಉತ್ತರ ಬಾಯಲ್ಲಿ ಹೇಳಿದರೆ ನೀನು ಅರ್ಧ ಕೇಳಿ ಬಿಡುತ್ತೀಯ. ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಇನ್ನೂ ಮೂರ್ನಾಲ್ಕು ಹುಡುಗರು ಇದನ್ನೇ ಕೇಳಿದ್ದಾರೆ. ಎಲ್ಲರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ಮೊದಲು ನನ್ನ ಕತೆ ಕೇಳು. ನಿನಗೂ ಇದನ್ನು ಪೂರ್ತಿ ಹೇಳಿಲ್ಲ.

2017ರ ಜುಲೈ. ಆಗ ನಾನು ಏಸಿ ಡಕ್ಟ್ ಕೆಲಸದ ಸೈಟಿನಲ್ಲಿ ಇದ್ದೆ. ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಅದು ಕಾನೂನು. ಆದರೆ ಉಳಿದ ಹೊತ್ತಿನ ಸೆಕೆಯೇನು ಕಡಿಮೆಯಾ? ನೀರು ಕುಡಿದರೆ ಟಾಯ್ಲೆಟ್ಟಿಗೆ ಅಷ್ಟು ದೂರ ನಡೆಯಬೇಕಲ್ಲ ಅಂತ ನಾನೇ ಕಡಿಮೆ ಕುಡಿಯುತ್ತಿದ್ದೆ. ಮೂತ್ರ ಹಾಲು ಹಾಕದ ಚಹಾದ ಬಣ್ಣಕ್ಕೆ ತಿರುಗಿತ್ತು. ನೋಡಿದರೂ ಸುಮ್ಮನಿದ್ದೆ.

ಬಲಗಡೆ ಸೊಂಟದ ಮೇಲೆ ನೋವು ಶುರುವಾಯಿತು. ರೂಮಿನ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆ. ಹೆಸರು ಬೇಡ. ಡಾಕ್ಟರು ಕಂಪ್ಯೂಟರ್ ನೋಡುತ್ತಲೇ "ಮಸಲ್ ಪೈನ್, ಸ್ವಲ್ಪ ಗ್ಯಾಸ್" ಅಂದರು. ಒಂದು ಇಂಜೆಕ್ಷನ್, ಒಂದು ಚೀಲ ಮಾತ್ರೆ. ನೋವು ಹೋಯಿತು. ವಾರದ ಮೇಲೆ ಮತ್ತೆ ಬಂತು. ಹಾಗೆ ಮೂರು ಸಲ. ಮೂರು ಸಲವೂ ಇಂಜೆಕ್ಷನ್ನೇ, ಒಂದು ಮೂತ್ರ ಪರೀಕ್ಷೆ ಕೂಡ ಇಲ್ಲ. ತಪ್ಪು ಅವರದ್ದು ಮಾತ್ರ ಅಂತ ಹೇಳಲಾರೆ. ಟೆಸ್ಟ್ ಯಾಕೆ ಮಾಡುವುದಿಲ್ಲ ಅಂತ ನಾನೂ ಕೇಳಲಿಲ್ಲ. ಕಾರಣ, ನನ್ನ ತಲೆಯಲ್ಲಿ ಡಿಸೆಂಬರಿನ ರಜೆ ಇತ್ತು. ಊರಿಗೆ ಹೋದಾಗ ಮಂಗಳೂರಲ್ಲಿ ಎಲ್ಲ ಒಟ್ಟಿಗೆ ನೋಡಿಸುವ ಅಂತ.

ಈ "ಮಂಗಳೂರಲ್ಲಿ ನೋಡಿಸುವ" ಇದೆಯಲ್ಲ, ಅದು ನಮ್ಮ ಕಾಸರಗೋಡಿನವರ ಹಳೇ ಕಾಯಿಲೆ. ನಿನಗೂ ನೆನಪಿರಬಹುದು. ನನ್ನ ಅಪ್ಪನಿಗೆ ಏನಾದರೂ ಆದರೆ ಅಮ್ಮ ಮೊದಲು ಹುಡುಕುತ್ತಿದ್ದದ್ದು ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲವನ್ನು. ಅದರೊಳಗೆ ಎಕ್ಸ್‌ರೇ, ಚೀಟಿ, ರಕ್ತದ ರಿಪೋರ್ಟು, ನಡುವೆ ಮಡಚಿದ ನೂರರ ನೋಟು. ಬೆಳಗಿನ ಬಸ್ಸಿಗೆ ಕುಂಬಳೆ, ಅಲ್ಲಿಂದ ಇನ್ನೊಂದು ಬಸ್ಸು, ಗಡಿಯ ತಲಪಾಡಿ ದಾಟಿದರೆ ಅಮ್ಮನ ಮುಖದಲ್ಲಿ ಅರ್ಧ ಗುಣ ಕಾಣುತ್ತಿತ್ತು. ದೇರಳಕಟ್ಟೆ, ಕಂಕನಾಡಿ, ವೆನ್ಲಾಕ್ ಅಂದರೆ ನಮಗೆ ಊರಿನ ಹೆಸರೋ ಆಸ್ಪತ್ರೆಯ ಹೆಸರೋ ಅಂತ ವ್ಯತ್ಯಾಸವೇ ಇಲ್ಲ. ಕಾಸರಗೋಡು ಕೇರಳಕ್ಕೆ ಸೇರಿ ರಾಜ್ಯ ಬೇರೆಯಾದದ್ದು 1956ರಲ್ಲಿ, ಆಸ್ಪತ್ರೆ ಮಾತ್ರ ಅಲ್ಲೇ ಉಳಿಯಿತು.

ಆ ದಾರಿ ಒಮ್ಮೆ ಮುಚ್ಚಿದ್ದನ್ನೂ ನೀನು ಅಲ್ಲಿದ್ದು ನೋಡಿದ್ದೀಯ. 2020ರ ಮಾರ್ಚಿನಲ್ಲಿ, ಕೊರೊನಾ ಬಂದಾಗ, ಗಡಿಯ ರಸ್ತೆಗೆ ಮಣ್ಣು ಸುರಿದಿದ್ದರು. ಆಂಬುಲೆನ್ಸಿನಲ್ಲೇ ಜನ ಸತ್ತರು. ನಾನು ಇಲ್ಲಿ ರೂಮಲ್ಲಿ ಕೂತು ಫೋನು ಹಿಡಿದು ಅಮ್ಮನ ಬಿಪಿ ಮಾತ್ರೆ ಎಷ್ಟು ಉಳಿದಿದೆ ಅಂತ ಲೆಕ್ಕ ಹಾಕುತ್ತಿದ್ದೆ. ಏಪ್ರಿಲಿನಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡದಲ್ಲಿ ಕೊರೊನಾ ಆಸ್ಪತ್ರೆ ತೆರೆದರು ಅಂತ ನೀನೇ ಫೋಟೋ ಕಳಿಸಿದ್ದು. ಇರಲಿ, ಆ ಕತೆ ಎತ್ತಿದರೆ ಈ ಪತ್ರ ಮುಗಿಯುವುದಿಲ್ಲ.

ನನ್ನ ವಿಷಯಕ್ಕೆ ಬರುತ್ತೇನೆ. ಆಗಸ್ಟಿನ ಒಂದು ರಾತ್ರಿ ಎರಡು ಗಂಟೆಗೆ ನೆಲದಲ್ಲಿ ಹೊರಳಾಡಿದೆ. ವಾಂತಿ ಬೇರೆ. ರೂಮಿನ ಕಾಞಂಗಾಡಿನ ಹುಡುಗ ನನ್ನನ್ನು ಹೆಗಲಿಗೆ ಹಾಕಿಕೊಂಡು ಲಿಫ್ಟಿಳಿಸಿ ಟ್ಯಾಕ್ಸಿಗೆ ತುಂಬಿದ. 998ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ ಅಂತ ಇಬ್ಬರಿಗೂ ಹೊಳೆಯಲೇ ಇಲ್ಲ. ನೀನು ಆ ನಂಬರನ್ನು ವಿಮಾನ ಇಳಿದ ದಿನವೇ ಸೇವ್ ಮಾಡು. ಟ್ಯಾಕ್ಸಿಯ ಪಠಾಣ್ ಡ್ರೈವರ್ ದುಡ್ಡು ತೆಗೆದುಕೊಳ್ಳಲಿಲ್ಲ.

ಎಮರ್ಜೆನ್ಸಿಯ ನರ್ಸು ಕೋಟ್ಟಯಂ ಕಡೆಯವರು. "ಕುತ್ತುನ್ನ ವೇದನಯಾಣೋ, ಎರಿಚ್ಚಿಲಾಣೋ?" ಅಂತ ಕೇಳಿದರು. ಚುಚ್ಚುವ ನೋವಾ, ಉರಿಯಾ ಅಂತ. ಆ ಹೊತ್ತಿಗೆ ನನ್ನ ಬಾಯಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಮಲಯಾಳಂ ಬಂತು. ಶಾಲೆಯಲ್ಲಿ ನಮಗೆ ಮಲಯಾಳಂ ಹೇರುತ್ತಾರೆ ಅಂತ ಮೆರವಣಿಗೆ ಹೋದವನು ನಾನು. ಆ ಸಿಟ್ಟು ಈಗಲೂ ಇದೆ, ಬಿಟ್ಟುಕೊಡುವುದಿಲ್ಲ. ಆದರೆ ಆ ರಾತ್ರಿ ನನ್ನ ನೋವು ಎಂಥದ್ದು ಅಂತ ಸರಿಯಾಗಿ ಹೇಳಿದ್ದು ಆ ಭಾಷೆಯಲ್ಲೇ. ನೀನೂ ಇಲ್ಲಿ ನೋವು ಹೇಳುವಾಗ ಯಾವ ಭಾಷೆ ಸಲೀಸೋ ಅದರಲ್ಲಿ ಹೇಳು. ಮುರುಕು ಇಂಗ್ಲಿಷಿನಲ್ಲಿ "ಸ್ಮಾಲ್ ಪೈನ್" ಅಂತ ಮರ್ಯಾದೆಗೆ ಹೇಳಬೇಡ. ಅವರು ಸ್ಮಾಲ್ ಅಂತಲೇ ಬರೆದುಕೊಳ್ಳುತ್ತಾರೆ.

ಸಿಟಿ ಸ್ಕ್ಯಾನ್ ಮಾಡಿದರು. ಮೂತ್ರನಾಳದಲ್ಲಿ 9 ಮಿಲಿಮೀಟರಿನ ಕಲ್ಲು ಸಿಕ್ಕಿಹಾಕಿಕೊಂಡಿತ್ತು. ಹಿಂದೆ ಮೂತ್ರ ಕಟ್ಟಿ ಕಿಡ್ನಿ ಊದಿತ್ತು. ಸಾಲದ್ದಕ್ಕೆ ತಿಂಗಳಿಡೀ ನೋವಿನ ಇಂಜೆಕ್ಷನ್ ಮತ್ತು ಮಾತ್ರೆ. ಅವು ಕಿಡ್ನಿಗೆ ಕೊಡುವ ಪೆಟ್ಟೇ ಬೇರೆ.

ಆಮೇಲೆ ರಕ್ತದ ರಿಪೋರ್ಟ್ ಕೈಗೆ ಬಂತು. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ 168.

ನನ್ನ ಕೈಕಾಲು ತಣ್ಣಗಾಯಿತು. ಅಪ್ಪನಿಗೆ 6 ಆದಾಗ ಮಂಗಳೂರಲ್ಲಿ ಡಯಾಲಿಸಿಸ್ ಶುರು ಮಾಡಿದ್ದರು. ನನಗೆ 168! ಅಮ್ಮನಿಗೆ ಹೇಗೆ ಹೇಳುವುದು, ಸಾಲ ಯಾರು ತೀರಿಸುವುದು, ಎಲ್ಲ ಒಂದು ನಿಮಿಷದಲ್ಲಿ ತಲೆಯಲ್ಲಿ ಓಡಿತು. ನರ್ಸಮ್ಮ ನನ್ನ ಮುಖ ನೋಡಿ ನಕ್ಕರು. ಇಲ್ಲಿನ ಅಳತೆ ಬೇರೆ ಅಂದರು. ನಮ್ಮಲ್ಲಿ ಡೆಸಿಲೀಟರಿಗೆ ಮಿಲಿಗ್ರಾಂ, ಆ ಲ್ಯಾಬಿನಲ್ಲಿ ಲೀಟರಿಗೆ ಮೈಕ್ರೋಮೋಲ್. 88.4ರಿಂದ ಭಾಗಿಸಿದರೆ ನಮ್ಮ ಲೆಕ್ಕ ಸಿಗುತ್ತದೆ. ಮೊಬೈಲಿನಲ್ಲಿ ಭಾಗಿಸಿದೆ, 1.9. ಅಬ್ಬ ಅಂತ ಉಸಿರು ಬಿಟ್ಟೆ. ಅಷ್ಟರಲ್ಲಿ ಡಾಕ್ಟರು ಬಂದು, "1.9 ಏನೂ ಒಳ್ಳೆಯದಲ್ಲ, ನಿನ್ನ ವಯಸ್ಸಿಗೆ 1.2ರ ಆಸುಪಾಸಿನಲ್ಲಿ ಇರಬೇಕು" ಅಂತ ಬಿಟ್ಟ ಉಸಿರನ್ನು ವಾಪಸ್ ಒಳಗೆ ತಳ್ಳಿದರು. ಕಲ್ಲು ಒಡೆದು ತೆಗೆದು, ಮೂತ್ರನಾಳದಲ್ಲಿ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಇಟ್ಟು, ಎರಡು ತಿಂಗಳಾದ ಮೇಲೆ 97ಕ್ಕೆ ಇಳಿಯಿತು. ಅಂದರೆ 1.1. ಡಿಸೆಂಬರಿನ ರಜೆವರೆಗೆ ಕಾದಿದ್ದರೆ ಒಂದು ಕಿಡ್ನಿ ಹೋಗುವ ಸಾಧ್ಯತೆ ಇತ್ತು ಅಂತ ಹೇಳಿದರು.

ಅಮ್ಮ ಫೋನಿನಲ್ಲಿ ಬಾಳೆದಿಂಡಿನ ರಸ ಕುಡಿ ಅಂದಳು. ಇಲ್ಲಿ ದುಬೈಯ ದೇರಾದಲ್ಲಿ ಬಾಳೆದಿಂಡು ಸಿಗುತ್ತದೆ, ಪಲ್ಯಕ್ಕೆ ಒಳ್ಳೆಯದು. 9 ಮಿಲಿಮೀಟರಿನ ಕಲ್ಲಿಗೆ ಅದು ಏನೂ ಮಾಡುವುದಿಲ್ಲ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಟೆಸ್ಟ್ ನಂಬಬಹುದು, ಆದರೆ ಅಳತೆ ನೋಡಿ ಓದು. ಕೆಲವು ಲ್ಯಾಬ್ ನಮ್ಮ ಹಾಗೆಯೇ ಕೊಡುತ್ತವೆ, ಕೆಲವು ಮಿಲಿಮೋಲಿನಲ್ಲಿ. ಶುಗರ್ 7 ಅಂತ ಬಂದರೆ ಕಡಿಮೆಯಾಯಿತು ಅಂತ ಖುಷಿಯಲ್ಲಿ ಲಾಡು ತಿನ್ನಬೇಡ. 18ರಿಂದ ಗುಣಿಸು, 126. ಖಾಲಿ ಹೊಟ್ಟೆಯಲ್ಲಿ ಅಷ್ಟು ಬಂದರೆ ಸಕ್ಕರೆ ಕಾಯಿಲೆಯ ಗೆರೆ ಮುಟ್ಟಿದೆ ಅಂತ ಅರ್ಥ. ಲ್ಯಾಬ್ ಒಳ್ಳೆಯದಾ ಅಂತ ನೋಡಲು, ಗೋಡೆಯಲ್ಲಿ ಐಎಸ್‌ಒ 15189 (ಲ್ಯಾಬುಗಳ ಗುಣಮಟ್ಟದ ನಿಯಮ) ಅಥವಾ ಸಿಎಪಿ (ಅಮೆರಿಕದ ಪೆಥಾಲಜಿ ಸಂಸ್ಥೆಯದ್ದು) ಅಂತ ಸರ್ಟಿಫಿಕೇಟ್ ಇದೆಯಾ ನೋಡು. ಊರಲ್ಲಿ ಎನ್‌ಎಬಿಎಲ್ ಅಂತ ಬರೆದಿರುತ್ತದಲ್ಲ, ಅದೂ ಅದೇ ಐಎಸ್‌ಒ ನಿಯಮದ ಮೇಲೆ ಕೊಡುವುದು. ಡಾಕ್ಟರ ಲೈಸೆನ್ಸನ್ನು ದುಬೈ ಹೆಲ್ತ್ ಅಥಾರಿಟಿಯ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ಒಂದೇ ಲ್ಯಾಬಿನಲ್ಲಿ ಪ್ರತಿ ಸಲ ಮಾಡಿಸಿದರೆ ಏರಿತಾ ಇಳಿಯಿತಾ ಅಂತ ಗೊತ್ತಾಗುತ್ತದೆ. ಸಂಘಗಳ ಉಚಿತ ಶಿಬಿರಕ್ಕೂ ಹೋಗು, ಬೇಡ ಅನ್ನುವುದಿಲ್ಲ. ಆದರೆ ಬಿರಿಯಾನಿ ತಿಂದು ಒಂದು ಗಂಟೆಗೆ ಬೆರಳು ಚುಚ್ಚಿಸಿಕೊಂಡು ಆ ನಂಬರು ಹಿಡಿದು ಅಳಬೇಡ, ಕುಣಿಯಲೂ ಬೇಡ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಟೆಸ್ಟ್, ಮಾಡಿಸು. ರಾತ್ರಿ ಪಾಳಿ ಇದ್ದರೂ ಅದಕ್ಕೆ ಖಾಲಿ ಹೊಟ್ಟೆ ಬೇಕಿಲ್ಲ.

ವೀಸಾ ಮೆಡಿಕಲ್‌ಗೆ ಹೆದರುತ್ತಿದ್ದೀಯ ಅಂತ ನಿನ್ನ ದನಿಯಲ್ಲೇ ಗೊತ್ತಾಯಿತು. ಅಲ್ಲಿ ಮುಖ್ಯವಾಗಿ ನೋಡುವುದು ಎಚ್‌ಐವಿ ಮತ್ತು ಟಿಬಿ. ರಕ್ತ ತೆಗೆಯುತ್ತಾರೆ, ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಶುಗರ್ ಇದೆ ಅಂತ ಯಾರನ್ನೂ ವಾಪಸ್ ಕಳಿಸುವುದಿಲ್ಲ. ಆದರೆ ಫಿಟ್ ಅಂತ ಬಂದ ಕಾಗದ ನೋಡಿ ನನಗೇನೂ ಇಲ್ಲ ಅಂದುಕೊಳ್ಳಬೇಡ. ನಿನ್ನ ಕಿಡ್ನಿಯನ್ನು ಅಲ್ಲಿ ಯಾರೂ ನೋಡಿರುವುದಿಲ್ಲ.

ಇನ್ಶೂರೆನ್ಸನ್ನು ನಿನಗೆ ಕೆಲಸ ಕೊಡುವ ಕಂಪನಿಯೇ ಮಾಡಿಸಬೇಕು, ನಿನ್ನ ಸಂಬಳದಲ್ಲಿ ಅದರ ದುಡ್ಡು ಹಿಡಿಯುವ ಹಾಗಿಲ್ಲ. ದುಬೈಯಲ್ಲಿ ಈ ಕಾನೂನು ಮೊದಲಿನಿಂದ ಇದೆ, 2025ರ ಜನವರಿ 1ರಿಂದ ಎಲ್ಲ ಎಮಿರೇಟಿಗೂ ಬಂತು. ನಿನಗೆ ಸಿಗುವುದು ಬೇಸಿಕ್ ಪಾಲಿಸಿ ಆಗಿರಬಹುದು. ಅದರಲ್ಲಿ ವರ್ಷಕ್ಕೆ ಒಂದೂವರೆ ಲಕ್ಷ ದಿರ್ಹಮ್‌ವರೆಗೆ ಇರುತ್ತದೆ, ಡಾಕ್ಟರ ಫೀಸಿನಲ್ಲಿ ನೂರಕ್ಕೆ 20 ನೀನೇ ಕೊಡಬೇಕು. ಸ್ಪೆಷಲಿಸ್ಟ್ ಬೇಕಾದರೆ ಮೊದಲು ಸಾದಾ ಡಾಕ್ಟರು ಬರೆದುಕೊಡಬೇಕು. ನಿನಗೆ ಮುಖ್ಯವಾದದ್ದು ಇದು: ಮೊದಲೇ ಇರುವ ಕಾಯಿಲೆಗೆ ಶುರುವಿನ 6 ತಿಂಗಳು ದುಡ್ಡು ಸಿಗದೇ ಇರಬಹುದು. ಅದಕ್ಕೆ ಹೆದರಿ ಫಾರ್ಮಿನಲ್ಲಿ "ಕಾಯಿಲೆ ಇಲ್ಲ" ಅಂತ ಬರೆಯುವವರಿದ್ದಾರೆ. ನಮ್ಮ ರೂಮಲ್ಲೇ ಒಬ್ಬ ಬರೆದ. ಆಮೇಲೆ ಆಸ್ಪತ್ರೆಗೆ ಸೇರಿದಾಗ ಅಪ್ರೂವಲ್ ಸಿಗದೆ ನಾವೆಲ್ಲ ದುಡ್ಡು ಹಾಕಿ ಬಿಲ್ಲು ಕಟ್ಟಿದ್ದು. ನೀನು ಇದ್ದದ್ದನ್ನು ಇದ್ದ ಹಾಗೆ ಬರೆ. ಆರು ತಿಂಗಳ ಶುಗರ್ ಮಾತ್ರೆಗೆ, ಮೆಟ್‌ಫಾರ್ಮಿನ್‌ಗೆ, ಏನು ಮಹಾ ಖರ್ಚು?

ಕಾರ್ಡು ಯಾವ ಕ್ಲಿನಿಕ್ಕಿನಲ್ಲಿ ನಡೆಯುತ್ತದೆ ಅಂತ ಬಂದ ವಾರವೇ ಕೇಳಿಟ್ಟುಕೋ. ನೋವು ಬಂದ ಮೇಲೆ ಆ ಪಟ್ಟಿ ಓದಲು ಆಗುವುದಿಲ್ಲ. ಬತಾಕ, ಅಂದರೆ ಎಮಿರೇಟ್ಸ್ ಐಡಿ, ಸದಾ ಕಿಸೆಯಲ್ಲಿರಲಿ. ಅದನ್ನು ತೋರಿಸಿದರೇ ಇನ್ಶೂರೆನ್ಸ್ ಕಾಣುತ್ತದೆ. ದೊಡ್ಡ ತೊಂದರೆಯಾಗಿ ಯಾರೂ ಇಲ್ಲ ಅನ್ನಿಸಿದರೆ ಭಾರತೀಯ ದೂತಾವಾಸದ ಸಹಾಯವಾಣಿ ಇದೆ, 800 46342. ಇನ್ನೊಂದು, ಆರು ತಿಂಗಳಾದ ಮೇಲೆ ನೋರ್ಕಾ ಕಾರ್ಡಿಗೆ, ಅಂದರೆ ಹೊರದೇಶದಲ್ಲಿರುವವರಿಗೆ ಕೇರಳ ಸರಕಾರ ಕೊಡುವ ಕಾರ್ಡಿಗೆ, ಅರ್ಜಿ ಹಾಕು. ನಮ್ಮ ಮಾತು ಕನ್ನಡವಾದರೂ ಪಾಸ್‌ಪೋರ್ಟಿನಲ್ಲಿರುವುದು ಕೇರಳದ ವಿಳಾಸ. ಅಲ್ಲಿ ಸಿಗುವುದನ್ನು ಯಾಕೆ ಬಿಡಬೇಕು?

ಬರುವಾಗ ಹಳೇ ರಿಪೋರ್ಟುಗಳನ್ನು ಫೋಟೋ ತೆಗೆದು ಫೋನಿನಲ್ಲೂ ಇಡು, ಕಾಗದವನ್ನೂ ತಾ. ಪ್ಲಾಸ್ಟಿಕ್ ಚೀಲವಾದರೂ ಅಡ್ಡಿಯಿಲ್ಲ. ಮಾತ್ರೆಗಳು ಅಂಗಡಿಯ ಪ್ಯಾಕಿನಲ್ಲೇ ಇರಲಿ, ಜೊತೆಗೆ ಡಾಕ್ಟರ ಚೀಟಿ. ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಆಗಲಿ, ಕೊಡೀನ್ ಇರುವ ಕೆಮ್ಮಿನ ಸಿರಪ್ ಆಗಲಿ ಬೇಡವೇ ಬೇಡ. ಇಲ್ಲಿ ಅದಕ್ಕೆ ಮೊದಲೇ ಅನುಮತಿ ಬೇಕು, ಇಲ್ಲದೆ ತಂದವರು ಜೈಲು ಕಂಡಿದ್ದಾರೆ. "ನಮ್ಮ ಅಳಿಯನಿಗೆ ಇದೊಂದು ಮದ್ದು ಕೊಡು ಮಗಾ" ಅಂತ ಯಾರಾದರೂ ಪೊಟ್ಟಣ ತಂದರೆ ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಗಸಗಸೆಯೂ ಇಲ್ಲಿ ನಿಷೇಧ. ನಿನ್ನ ಅಮ್ಮ ಮಸಾಲೆ ಹುಡಿ ಮಾಡಿ ಕಟ್ಟಿಕೊಡುತ್ತಾರೆ ಅಂತ ಗೊತ್ತು. ಅದಕ್ಕೆ ಗಸಗಸೆ ಹಾಕಿದ್ದೀರಾ ಅಂತ ಎರಡೆರಡು ಸಲ ಕೇಳು. ಹಲಸಿನ ಹಪ್ಪಳಕ್ಕೆ ಏನೂ ತೊಂದರೆಯಿಲ್ಲ. ಎಷ್ಟು ಬೇಕಾದರೂ ತಾ.

ನಿನ್ನವನೇ