ಫುಲೆ ಎಂದರೆ ಹೂಗಾರ: ಪುಣೆ ಮಹಾನಗರಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೆ,

ನಮಸ್ಕಾರ. ನನ್ನ ಅಡ್ಡಹೆಸರು ಹೂಗಾರ. ವಿಜಯಪುರ ಜಿಲ್ಲೆಯವನು, ಪುಣೆಗೆ ಬಂದು 18 ವರ್ಷವಾಯಿತು. ನಮ್ಮಜ್ಜ ನಸುಕಿನಲ್ಲೆದ್ದು ಬುಟ್ಟಿ ಹೊತ್ತು ಮನೆಮನೆಗೆ ಹೂ-ಪತ್ರಿ ಕೊಟ್ಟು ಬರುತ್ತಿದ್ದ. ಸುಗ್ಗಿಗೆ ಆಯದ ಜೋಳ ಬರುತ್ತಿತ್ತು.

ಮಗಳನ್ನು ಇಲ್ಲಿ ಶಾಲೆಗೆ ಸೇರಿಸುವಾಗ ಗುಮಾಸ್ತರು ಹೆಸರನ್ನು ಎರಡು ಸಲ ತಪ್ಪು ಬರೆದು, ‘ಇದೆಂಥ ಹೆಸರು?’ ಎಂದರು. ‘ನಿಮ್ಮಲ್ಲಿ ಫುಲೆ ಅಂತೀರಲ್ಲ, ಅದೇ’ ಎಂದೆ. ಅವರು ನಂಬಲಿಲ್ಲ. ಮಗಳು ಪಕ್ಕದಲ್ಲೇ ನಿಂತಿದ್ದಳು. ಅಂದಿನಿಂದ ಈ ಮಾತು ಮನಸ್ಸಿನಲ್ಲೇ ಇದೆ.

ಸಮಾಜ ಸುಧಾರಕ ಜ್ಯೋತಿಬಾ ಫುಲೆ ಅವರ ಮನೆತನದ ಹೆಸರು ಮೊದಲು ಗೋರ್ಹೆ. ಪೇಶ್ವೆಯರ ದರ್ಬಾರಿಗೆ ಹೂ ಒದಗಿಸುತ್ತಿದ್ದುದರಿಂದ ಫುಲೆ ಆಯಿತು. ಆ ಮನೆಯ ಗಂಡ-ಹೆಂಡತಿ, ಜ್ಯೋತಿಬಾ ಮತ್ತು ಸಾವಿತ್ರಿಬಾಯಿ, 1848ರಲ್ಲಿ ಬುಧವಾರ ಪೇಠೆಯ ಭಿಡೆ ವಾಡಾದಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. 1897ರಲ್ಲಿ ಪ್ಲೇಗ್ ರೋಗಿಗಳ ಆರೈಕೆ ಮಾಡುತ್ತಲೇ ಸಾವಿತ್ರಿಬಾಯಿ ತೀರಿಕೊಂಡರು. ಅದೇ ಹೆಸರಿನ, ಇದೇ ಊರಿನ ನಟ ನಿಳು ಫುಲೆ ತೆರೆಗೆ ಬಂದರೆ ಜನ ಹಲ್ಲು ಕಡಿಯುತ್ತಿದ್ದರು, ಅಂಥ ಖಳ. ಹರೆಯದಲ್ಲಿ ಅವರು ಇಲ್ಲಿನ ಸೇನಾ ವೈದ್ಯಕೀಯ ಕಾಲೇಜಿನ ತೋಟದಲ್ಲಿ ಮಾಲಿಯಾಗಿದ್ದರು. ಈ ಸಂಗತಿ ತಿಳಿದ ದಿನ ನನಗೆ ಅಜ್ಜನ ಮಣ್ಣು ಮೆತ್ತಿದ ಕೈ ನೆನಪಾಗಿ ಕಣ್ಣು ತುಂಬಿತು.

ಭಿಡೆ ವಾಡಾದ ಶಿಥಿಲ ಕಟ್ಟಡವನ್ನು 2023ರ ಡಿಸೆಂಬರಿನಲ್ಲಿ ಪಾಲಿಕೆ ಕೆಡವಿದ್ದು ಸ್ಮಾರಕಕ್ಕಾಗಿ. ಅದರ ಎದುರಿಗೇ ದಗಡೂಶೇಠ್ ಗಣಪತಿ ಗುಡಿ, ಸುತ್ತ ಹೂವಿನವರು. ಮೊನ್ನೆ ಸಂಕಷ್ಟಿಗೆ ಹೋದಾಗ ಸೋಲಾಪುರ ಕಡೆಯ ಕನ್ನಡದ ಅಜ್ಜಿಯೊಬ್ಬಳು ಗರಿಕೆ ಎಣಿಸಿ 21ರ ಕಟ್ಟು ಕಟ್ಟುತ್ತಿದ್ದಳು. ತೋರುಬೆರಳಿಗೆ ದಾರ ಕೊಯ್ದ ಗೆರೆ, ಅದರ ಮೇಲೆ ಅರಿಶಿನ. ‘ಆಯೀ, ಎದುರಿಗಿನ ಸಾಲಿ ಹೂವಿನವರು ತೆರೆದದ್ದು, ಗೊತ್ತೇನು?’ ಎಂದೆ. ‘ಯಾವ ಸಾಲಿ, ತಮ್ಮಾ? ನಮ್ಮಂಥವರಾ?’ ಎಂದು ಕಟ್ಟುವುದನ್ನು ನಿಲ್ಲಿಸಿ ಆ ಕಡೆ ನೋಡಿದಳು.

ಹಾಗಾಗಿ ನನ್ನದೊಂದು ಬೇಡಿಕೆ. ಸ್ಮಾರಕದಲ್ಲಿ ಫುಲೆ ಎಂಬ ಹೆಸರು ಹೂವಿನ ಕಸುಬಿನಿಂದ ಬಂದದ್ದನ್ನು ಬರೆಸಿರಿ. ಮಾಲಿಯಾಗಿದ್ದ ನಿಳುಭಾವೂ ಅವರಿಗೂ ಅಲ್ಲಿ ಒಂದು ಸಾಲು ಕೊಡಿ. ಮರಾಠಿ ಮೇಲಿರಲಿ, ಅದು ಈ ಊರಿನ ಭಾಷೆ. ಕೆಳಗೆ ಕನ್ನಡವೂ ಇರಲಿ. ಫಲಕ ಒಳಗೋಡೆಗೆ ಬೇಡ. ಗುಡಿಯ ಕಡೆ ಮುಖ ಮಾಡಿರಲಿ, ಹೂ ಕಟ್ಟುವವರಿಗೆ ಕೂತಲ್ಲಿಂದಲೇ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ.

ಕನ್ನಡದ ಸಾಲನ್ನು ತಪ್ಪಿಲ್ಲದೆ ಬರೆದುಕೊಡುವ ಕೆಲಸ ನನ್ನದು. ಕರೆದ ದಿನ ರಜೆ ಹಾಕಿ, ಮಗಳನ್ನೂ ಕರೆದುಕೊಂಡು ಬರುತ್ತೇನೆ.

ತಮ್ಮ ವಿಶ್ವಾಸಿ,
ಪುಣೆಯಲ್ಲಿರುವ ಒಬ್ಬ ಹೂಗಾರ